ಕಲಾಭವನವೂ ಜನಾಭಿಪ್ರಾಯವೂ

2021ರಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರೆಯಾಗಿ, ಹೊಸಪೇಟೆಯು ಅದರ ಕೇಂದ್ರಸ್ಥಾನವಾಯಿತು. ಅಲ್ಲಿ ಕಲೆಗಳಿಗೆ ತಕ್ಕುದಾದ ಒಂದು ಭವನವಿರಬೇಕೆಂಬುದು ನ್ಯಾಯವಾದ ಅಪೇಕ್ಷೆಯೇ. ಆದರೆ ಅದು ಯಾವ ಬಗೆಯದಾಗಿರಬೇಕೆಂಬುದನ್ನು ಅಡಿಗಲ್ಲಿಡುವ ಮುನ್ನವೇ ಮಹಾಜನರನ್ನು ಕೇಳಿ ನಿಶ್ಚಯಿಸತಕ್ಕದ್ದು.

ಬಯಲಾಟವು ಇರುಳೆಲ್ಲ ನಡೆದು ಬೆಳಗಿಗೆ ಮುಗಿಯುವ ಆಟ. ಹತ್ತು ಗಂಟೆಗೆ ಬಾಗಿಲಿಕ್ಕುವ ಸಭಾಗೃಹವು ಅದಕ್ಕೆ ಒಗ್ಗದು. ತೊಗಲುಗೊಂಬೆಯಾಟಕ್ಕೆ ಬೇಕಾದುದು ಬಿಳಿಯ ಪರದೆ, ಹಿಂದೊಂದು ದೀಪ, ಮುಂದೆ ಕತ್ತಲೆ. ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಗೆ ಹಗಲಿನ ಬೆಳಕೂ ನೆಲದ ಮೇಲೆ ಕುಳಿತುಕೊಳ್ಳುವ ತಾವೂ ಬೇಕು. ಇದನ್ನೆಲ್ಲ ಬಲ್ಲವರು ಆ ಕಲಾವಿದರೇ. ಸಂಡೂರೂ ಕಂಪ್ಲಿಯೂ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆಯೆಂಬ ಕಾರಣದಿಂದ ಅಲ್ಲಿನವರನ್ನು ಕೇಳದಿರುವುದು ಸಲ್ಲದು. ಜಿಲ್ಲೆಯ ಗಡಿಯು ಕಲೆಯ ಗಡಿಯಲ್ಲ.

ಜನರ ಒಪ್ಪಿಗೆಯ ಬೆಲೆಯನ್ನು ಹಂಪೆಯು ಕಂಡಿದೆ. 2011ರ ಜುಲೈಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಣ ಬಜಾರಿನ ಮನೆ ಮಳಿಗೆಗಳನ್ನು ಕೆಡವಿದಾಗ, ಸ್ಮಾರಕಗಳ ರಕ್ಷಣೆಯೆಂಬ ಉದ್ದೇಶವು ಯೋಗ್ಯವಾದುದೇ ಆಗಿದ್ದರೂ, ನೆಲೆ ಕಳೆದುಕೊಂಡವರ ಅಸಮಾಧಾನವು ಬಹುಕಾಲ ಉಳಿಯಿತು.

ಆದುದರಿಂದ ಅಧಿಕಾರಿಗಳು ಸಂತೆಯ ದಿನ ಸಭೆ ಕರೆಯಲಿ. ನಿವೇಶನದಲ್ಲಿ ಸುಣ್ಣದ ಗೆರೆಯೆಳೆದು, ಇಲ್ಲಿ ರಂಗ, ಇಲ್ಲಿ ಅಂಗಳವೆಂದು ತೋರಿಸಲಿ. ಬಂದ ಆಕ್ಷೇಪಣೆಗಳಿಗೆ ಬರಹದಲ್ಲಿ ಉತ್ತರ ಕೊಡಲಿ. ಸಾರ್ವಜನಿಕ ಹಣದಿಂದ ಕಟ್ಟುವ ಮನೆಗೆ ಸಾರ್ವಜನಿಕರ ಒಪ್ಪಿಗೆಯೇ ತಳಹದಿಯಾಗಲಿ.