ಕೇಬಲ್ ಬಿಡಿಸುವ ಮೊದಲು ರಿಮೋಟ್ ಯಾರ ಕೈಲಿದೆ ನೋಡಿ

ಮಲೆನಾಡಿನ ಸಾಗರದ ಸುತ್ತಮುತ್ತ ಕೇಬಲ್ ಎಳೆಯುವ ಕೆಲಸಕ್ಕೆ ನಾನು ಇಳಿದಾಗ ಉದಯ ಟಿವಿ ಇನ್ನೂ ಹೊಸದು. 1994ರಲ್ಲಿ ಶುರುವಾದ ಆ ಚಾನಲ್ ನೋಡಬೇಕೆಂದೇ ಜನ ಕನೆಕ್ಷನ್ ಕೇಳಿಕೊಂಡು ಬರುತ್ತಿದ್ದರು. ಇವತ್ತು ಅದೇ ಮನೆಗಳಿಂದ ಫೋನ್ ಬರುತ್ತದೆ: "ಕೇಬಲ್ ಬಿಡಿಸ್ತೀವಿ ಮಾರಾಯ್ರೆ, ನೆಟ್ ಒಂದಿದ್ರೆ ಸಾಕು." ನೆಟ್ ಕೊಡುವವನೂ ನಾನೇ ಆದ್ದರಿಂದ ಕೇಬಲ್ ಪರ ವಾದ ಮಾಡಿ ನನಗೆ ಆಗಬೇಕಾದ್ದು ಏನೂ ಇಲ್ಲ. ಆದರೂ ವೈರ್ ಬಿಚ್ಚುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಟಿವಿ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರು?

ಎರಡೂ ವ್ಯವಸ್ಥೆ ಕೆಲಸ ಮಾಡುವ ಬಗೆಯೇ ಬೇರೆ. ಕೇಬಲ್‌ನಲ್ಲಿ ಕಂಟ್ರೋಲ್ ರೂಮಿನಿಂದ ಅಷ್ಟೂ ಚಾನಲ್‌ಗಳು ಒಟ್ಟಿಗೇ ಹೊರಡುತ್ತವೆ. ಅಡಿಕೆ ತೋಟದ ಕಾಲುವೆಯ ಹಾಗೆ, ನೀವು ಎತ್ತಿಕೊಳ್ಳಿ ಬಿಡಿ, ನೀರು ಹರಿಯುತ್ತಲೇ ಇರುತ್ತದೆ. ಆನ್‌ಲೈನ್‌ನಲ್ಲಿ ನೀವು ಕೇಳಿದ ಮೇಲೆಯೇ, ಕೇಳಿದ್ದಷ್ಟೇ ಬರುವುದು. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ನಿಮ್ಮ ಟಿವಿ ಒಂದು ತುಂಡು ತೋರಿಸುತ್ತಿರುವಾಗಲೇ ಮುಂದಿನ ತುಂಡುಗಳನ್ನು ತರಿಸಿ ಇಟ್ಟುಕೊಳ್ಳುತ್ತದೆ. ನೆಟ್ ನಿಧಾನವಾದರೆ ಮಸುಕು ಚಿತ್ರದ ಸಣ್ಣ ತುಂಡು ತರಿಸುತ್ತದೆ. ಅದೂ ಬಾರದಿದ್ದರೆ ಪರದೆಯ ನಡುವೆ ಚಕ್ರ ಸುತ್ತುತ್ತದೆ. ನೇರಪ್ರಸಾರದ ಕ್ರಿಕೆಟ್ ಆನ್‌ಲೈನ್‌ನಲ್ಲಿ ತುಸು ಹಿಂದೆ ಓಡುವುದೂ ಇದರಿಂದಲೇ. ಪಕ್ಕದ ಕೇಬಲ್ ಮನೆಯವರು ಸಿಕ್ಸರ್‌ಗೆ ಕೂಗಿ ಮುಗಿಸಿದಾಗ ನಿಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ.

ನಮ್ಮ ಮಲೆನಾಡಿನಲ್ಲಿ ಈ ವಿಷಯ ಮಾತಾಡುವಾಗ ಮಳೆಯನ್ನು ಬಿಟ್ಟು ಮಾತಾಡಲು ಬರುವುದಿಲ್ಲ. ಡಿಶ್ ಹಾಕಿಸಿಕೊಂಡವರಿಗೆ ಗೊತ್ತು, ಆಷಾಢದ ಮಳೆ ಜಡಿದು ಹೊಡೆದರೆ ಸಿಗ್ನಲ್ ಹೋಗುತ್ತದೆ. ಮನೆ ಡಿಶ್‌ಗೆ ಬರುವುದು ಕೆಯು ಬ್ಯಾಂಡ್ ತರಂಗ. ದಟ್ಟ ಮಳೆಹನಿ ಅದನ್ನು ಹೀರಿಕೊಳ್ಳುತ್ತದೆ. ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್‌ಗೂ ಇದೇ ಪಾಡು. ಹಳೆಯ ಕೇಬಲ್‌ನ ಕಷ್ಟ ಬೇರೆ. ತಾಮ್ರದ ತಂತಿಯಲ್ಲಿ ಸಿಗ್ನಲ್ ಹೋಗುತ್ತಾ ಹೋಗುತ್ತಾ ಸೊರಗುತ್ತದೆ, ಅದಕ್ಕಾಗಿ ದಾರಿಯುದ್ದಕ್ಕೂ ಆಂಪ್ಲಿಫಯರ್ ಕೂರಿಸಬೇಕು, ಅದಕ್ಕೆ ಕರೆಂಟ್ ಬೇಕು. ಮುಂದಿನ ಕೇರಿಯಲ್ಲಿ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದೂ ಟಿವಿ ಬರುತ್ತಿರಲಿಲ್ಲ. ಸಿಡಿಲು ಬಡಿದರಂತೂ ತಂತಿ ಹಿಡಿದು ಮನೆಯೊಳಗೇ ಬಂದು ಟಿವಿ ಸುಟ್ಟುಹಾಕುತ್ತಿತ್ತು. ಗುಡುಗು ಶುರುವಾದರೆ ವೈರ್ ಕಿತ್ತು ಹಾಕಿ ಎಂದು ಮನೆಮನೆಗೆ ಹೇಳಿ ಬರುತ್ತಿದ್ದೆವು.

ಫೈಬರ್ ಬಂದು ಈ ಎರಡೂ ತಾಪತ್ರಯ ತಪ್ಪಿತು. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು; ಅದಕ್ಕೆ ಸಿಡಿಲಿನ ಭಯವಿಲ್ಲ, ನಮ್ಮ ಆಫೀಸಿಗೂ ನಿಮ್ಮ ಮನೆಗೂ ನಡುವೆ ಕರೆಂಟ್ ಬೇಕಾದ ಪೆಟ್ಟಿಗೆಯೂ ಇಲ್ಲ. ಮರ ಬಿದ್ದು ಎಳೆ ತುಂಡಾದಾಗ ಜೋಡಿಸುವ ಕೆಲಸ ಮಾತ್ರ ನಾಜೂಕಿನದು. ಮೇಲಿನ ಪ್ಲಾಸ್ಟಿಕ್ ಸುಲಿದು, ಕೂದಲಿನಷ್ಟು ಸಣ್ಣ ಗಾಜನ್ನು ಸ್ಪಿರಿಟ್ ಹಚ್ಚಿ ಒರೆಸಿ, ಕ್ಲೀವರ್‌ನಲ್ಲಿ ತುದಿ ನೇರವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಎದುರುಬದುರು ಇಡಬೇಕು. ಮೆಷಿನ್‌ನ ಪುಟ್ಟ ಪರದೆಯಲ್ಲಿ ಅವು ದೊಡ್ಡದಾಗಿ ಕಾಣುತ್ತವೆ. ಕಿಡಿ ಹಾರಿ ಎರಡೂ ಒಂದಾಗುವಾಗ ನಾನು ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಒಂದು ಕಣ ಧೂಳು ಕೂತರೂ ಮತ್ತೆ ಮೊದಲಿಂದ ಶುರು. ಸುರಿಯುವ ಮಳೆಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತು ಈ ಕೆಲಸ ಮಾಡುವ ಹುಡುಗರ ಬಗ್ಗೆ ನನಗೆ ಬಹಳ ಹೆಮ್ಮೆಯಿದೆ.

ಫೈಬರ್ ಹಳ್ಳಿಗಳಿಗೆ ನುಗ್ಗಿದ್ದು 2020ರ ಲಾಕ್‌ಡೌನ್ ನಂತರ. ಬೆಂಗಳೂರಿನಿಂದ ಬಂದ ಮಕ್ಕಳು ತೋಟದ ಮನೆಯಲ್ಲಿ ಕೂತು ಕಂಪನಿ ಕೆಲಸ ಮಾಡಬೇಕಿತ್ತು. ಅವರಿಗೆಂದು ಎಳೆದ ಎಳೆಯಲ್ಲೇ ಆ್ಯಪ್‌ಗಳು ಬಂದವು, ಹಿಂದೆಯೇ ಸ್ಮಾರ್ಟ್ ಟಿವಿ ಬಂತು. ಮಕ್ಕಳು ಮತ್ತೆ ಬೆಂಗಳೂರಿಗೆ ಹೋದರು. ಟಿವಿ ಮುಂದೆ ಉಳಿದವರು ಅಪ್ಪ, ಅಮ್ಮ, ಅಜ್ಜಿ.

ಖರ್ಚಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ಬಂದಾಗ ಕೇಬಲ್‌ನ 100 ಚಾನಲ್‌ಗೆ ಮೂಲ ಶುಲ್ಕ 130 ರೂಪಾಯಿ ಇತ್ತು, ಅದರ ಮೇಲೆ ತೆರಿಗೆ. ಪೇ ಚಾನಲ್‌ಗಳ ದುಡ್ಡು ಬೇರೆ. ಅದನ್ನು ಉಳಿಸುವೆನೆಂದು ಹೊರಟವರು ನೆಟ್‌ನ ಬಾಡಿಗೆ, ಆ್ಯಪ್‌ಗಳ ಚಂದಾ ಎರಡನ್ನೂ ಕೂಡಿಸಿ ನೋಡಬೇಕು. ಅಗ್ಗ ಎಂದು ಕಂಡದ್ದನ್ನು ಓದಿ ತೆಗೆದುಕೊಳ್ಳಿ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ 149 ರೂಪಾಯಿಗೆ ಇಳಿಸಿದ ಪ್ಲಾನ್ ಫೋನು, ಟ್ಯಾಬ್‌ಗಳಿಗೆ ಮಾತ್ರ, ಟಿವಿಗೆ ಅಲ್ಲ. ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೇಬಲ್ ಬಿಡಿಸುವವರೂ ಇದ್ದಾರೆ. ಎಚ್‌ಡಿ ಚಿತ್ರ ಗಂಟೆಗೆ 3 ಜಿಬಿವರೆಗೂ ನುಂಗಬಲ್ಲದು. ದಿನಕ್ಕೆ ಒಂದೂವರೆ ಜಿಬಿ ಸಿಗುವ ಪ್ಲಾನ್ ಹಾಕಿಸಿಕೊಂಡು ಅಮ್ಮನಿಗೆ ಸಂಜೆಯ ಧಾರಾವಾಹಿಗಳನ್ನೆಲ್ಲ ತೋರಿಸುವುದು ಆಗದ ಮಾತು.

ನನ್ನ ಮನಸ್ಸು ನಿಲ್ಲುವುದು ಖರ್ಚಿನಲ್ಲಿ ಅಲ್ಲ, ರಿಮೋಟ್‌ನಲ್ಲಿ. ಒಂದು ಮನೆಯಲ್ಲಿ ಮಗ ಆನ್‌ಲೈನ್‌ನಲ್ಲೇ ದುಡ್ಡು ಕಟ್ಟಿ, ಆ್ಯಪ್ ಹಾಕಿಸಿ, ಕೇಬಲ್ ನಿಲ್ಲಿಸಿದ್ದರು. ಮಾರನೆಯ ವಾರ ಅಜ್ಜಿ ಪಕ್ಕದ ಮನೆಯವರಿಂದ ಫೋನ್ ಮಾಡಿಸಿದರು. ಹೋಗಿ ನೋಡಿದರೆ ಟಿವಿಯಲ್ಲಿ ತಪ್ಪೇನೂ ಇಲ್ಲ. "ಯಾರು ನೋಡುತ್ತಿದ್ದೀರಿ" ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡು ಟಿವಿ ಸುಮ್ಮನೆ ನಿಂತಿದೆ, ಕೆಳಗೆ ಮನೆಯವರ ಹೆಸರಿನ ನಾಲ್ಕು ಬೊಂಬೆ ಮುಖಗಳು. ಅಜ್ಜಿಯ ಕೈಲಿದ್ದ ಹೊಸ ರಿಮೋಟ್‌ನಲ್ಲಿ ಅಂಕಿಗಳೇ ಇಲ್ಲ. "ತಮ್ಮಾ, ಮೊದ್ಲು ನಂಬರ್ ಒತ್ತಿದ್ರೆ ಬರ್ತಿತ್ತು. ಈಗ ಅದು ನನ್ನನ್ನೇ ಏನೋ ಕೇಳ್ತದೆ" ಎಂದರು. ಅವರು ಚಾನಲ್ ಹೆಸರು ಓದಿ ನೋಡಿದವರಲ್ಲ, ಕಣ್ಣು ಮಂಜಾದ ಮೇಲೂ ಬೆರಳಿಗೆ ನಂಬರ್ ಬಾಯಿಪಾಠವಾಗಿತ್ತು.

ಆ್ಯಪ್‌ಗಳು ಇರುವಲ್ಲಿ ಇರುವುದೂ ಇಲ್ಲ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು, ನಮ್ಮ ಕೇಬಲ್‌ನಲ್ಲಿ ಅದರ ಜಾಗ ಕದಲಲಿಲ್ಲ. ಅದರ ಧಾರಾವಾಹಿಗಳು ಆನ್‌ಲೈನ್‌ನಲ್ಲಿ ಮೊದಲು ವೂಟ್‌ನಲ್ಲಿದ್ದವು, 2023ರಲ್ಲಿ ಜಿಯೊಸಿನಿಮಾಕ್ಕೆ ಹೋದವು, 2025ರ ಫೆಬ್ರವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಪ್ರತಿ ಸಲವೂ ಹೊಸ ಗುರುತು, ಹೊಸ ಮೆನು. ಇಪ್ಪತ್ತೈದರ ಹುಡುಗನಿಗೆ ಅದು ಎರಡು ನಿಮಿಷದ ಕೆಲಸ. ಎಂಬತ್ತರ ಅಜ್ಜಿಗೆ ಮಗ ಊರಿಗೆ ಬರುವ ತನಕ ಟಿವಿ ಇಲ್ಲ.

ಕನ್ನಡದ ಮಾತೂ ಹೇಳಬೇಕು. ಕೇಬಲ್‌ನಲ್ಲಿ ಕನ್ನಡ ಚಾನಲ್‌ಗಳೆಲ್ಲ ಸಾಲಾಗಿ ಒಂದೆಡೆ ಇರುತ್ತವೆ. ಆ್ಯಪ್‌ನ ಮೊದಲ ಪುಟದಲ್ಲಿ ಯಾವುದು ಮೇಲೆ ಕಾಣಬೇಕೆಂದು ಕಂಪನಿ ನಿರ್ಧರಿಸುತ್ತದೆ, ಕನ್ನಡಕ್ಕಾಗಿ ಕೆಳಗೆ ಕೆಳಗೆ ಸರಿಸುತ್ತಾ ಹೋಗಬೇಕು. ಹೊಸದಾಗಿ ಆನ್‌ಲೈನ್‌ಗೆಂದೇ ಮಾಡಿದ ಕನ್ನಡ ಸರಣಿಗಳು ಬೆರಳೆಣಿಕೆಯಷ್ಟು. ನಟ ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ 'ಏಕಂ' ಕರಾವಳಿಯ ಕಥೆಗಳ ಸರಣಿ. ಕೊಳ್ಳುವ ವೇದಿಕೆ ಸಿಗದೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್‌ನಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಕನ್ನಡ ಚಿತ್ರಗಳಿಗೆಂದೇ ಒಟಿಟಿ ವೇದಿಕೆ ತರುವುದಾಗಿ ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ಅದು ಬರಲಿ, ಬರುವಾಗ ಮೆನು ಕನ್ನಡದಲ್ಲಿರಲಿ, ಅಕ್ಷರ ದೊಡ್ಡದಿರಲಿ.

ಇಷ್ಟೆಲ್ಲ ಹೇಳಿದೆನೆಂದು ಆನ್‌ಲೈನ್ ಬೇಡವೆಂದಲ್ಲ. ಮೂರು ವರ್ಷಕ್ಕೊಮ್ಮೆ ನಡೆಯುವ ನಮ್ಮೂರ ಮಾರಿಕಾಂಬಾ ಜಾತ್ರೆಯನ್ನು ಮೊದಲೆಲ್ಲ ಲೋಕಲ್ ಚಾನಲ್‌ನಲ್ಲಿ ತೋರಿಸುತ್ತಿದ್ದೆವು. ನಮ್ಮ ವೈರ್ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಆ ಪ್ರಸಾರವೂ ಮುಗಿಯುತ್ತಿತ್ತು. ಈಗ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಕೊಟ್ಟರೆ ಅಮೆರಿಕದಲ್ಲಿರುವ ಸಾಗರದ ಮಕ್ಕಳು ಅಲ್ಲಿಂದಲೇ ತಾಯಿಯ ದರ್ಶನ ಮಾಡುತ್ತಾರೆ. ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಮರುದಿನ ಬೇಕಾದ ಪ್ರಸಂಗದಿಂದ ನೋಡಬಹುದು. ತಾಮ್ರದ ತಂತಿಗೆ ಇದು ಸಾಧ್ಯವಿರಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಮಳೆಗಾಲ ಒಂದು ಕಳೆಯುವವರೆಗಾದರೂ ಎರಡನ್ನೂ ಇಟ್ಟುಕೊಳ್ಳಿ. ಅಂಕಿ ಇರುವ ಹಳೆಯ ರಿಮೋಟ್ ಎಸೆಯಬೇಡಿ. ಆ್ಯಪ್‌ನಲ್ಲಿ ಭಾಷೆ ಬದಲಿಸುವ ಅವಕಾಶವಿದ್ದರೆ ಕನ್ನಡ ಮಾಡಿಕೊಡಿ, ಅಜ್ಜಿಯ ಹೆಸರಿನ ಒಂದೇ ಪ್ರೊಫೈಲ್ ಉಳಿಸಿ. ನೆಟ್ ಮೋಡೆಮ್‌ಗೆ ಪುಟ್ಟ ಯುಪಿಎಸ್ ಹಾಕಿಸಿ. ಟಿವಿ ನಿಂತಾಗ ಮೊದಲು ಮೋಡೆಮ್ ನೋಡುವುದನ್ನು ಮನೆಯ ಹಿರಿಯರಿಗೆ ಹೇಳಿಕೊಡಿ: ಕೆಂಪು ದೀಪ ಮಿಣುಕುತ್ತಿದ್ದರೆ ಎಲ್ಲೋ ಎಳೆ ತುಂಡಾಗಿದೆ, ನಮಗೆ ಫೋನ್ ಮಾಡಲಿ. ಬರೀ ಹಸಿರು ಇದ್ದೂ ಚಿತ್ರ ಬಾರದಿದ್ದರೆ ಒಮ್ಮೆ ಟಿವಿ ಆರಿಸಿ ಹಾಕಲಿ. ಆಗಲೂ ಬಾರದಿದ್ದರೆ ಫೋನ್ ಮಾಡಲಿ, ಬರುತ್ತೇವೆ.