ದೂರದರ್ಶನದ ಪೂರ್ವರಂಗ

ನಾಟಕವು ಮೊದಲಾಗುವುದಕ್ಕೆ ಮುಂಚೆ ನಡೆಯತಕ್ಕ ವಿಧಿಗಳನ್ನು ಭರತಮುನಿಯು ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ಪೂರ್ವರಂಗವೆಂಬ ಹೆಸರಿನಿಂದ ವಿಸ್ತಾರವಾಗಿ ಹೇಳಿರುವನು. ಅವುಗಳಲ್ಲಿ ಮೊದಲಿನ ಒಂಬತ್ತು ಅಂಗಗಳು ತೆರೆಯ ಹಿಂದೆ ನಡೆಯುವಂಥವು. ವಾದ್ಯಗಳನ್ನು ತಂತಮ್ಮ ಸ್ಥಾನದಲ್ಲಿ ಅಣಿಮಾಡುವುದು ಪ್ರತ್ಯಾಹಾರ. ಗಾಯಕರು ಬಂದು ಕುಳಿತುಕೊಳ್ಳುವುದು ಅವತರಣ. ತಂತಿಗಳನ್ನು ಮೀಟಿ ಹದ ನೋಡುವುದು ಪರಿಘಟ್ಟನಾ. ತೆರೆ ಸರಿದಮೇಲೆ ನಾಂದಿ ಮುಂತಾದ ಉಳಿದ ಅಂಗಗಳು. ನಮ್ಮ ಯಕ್ಷಗಾನದಲ್ಲಿಯೂ ಕೋಡಂಗಿಗಳೂ ಬಾಲಗೋಪಾಲರೂ ಕುಣಿದುಹೋದಮೇಲಲ್ಲದೆ ಭಾಗವತನು ಪ್ರಸಂಗಕ್ಕೆ ಕೈಹಾಕುವ ಸಂಪ್ರದಾಯವಿರಲಿಲ್ಲ. ಕಥೆಗೂ ಈ ವಿಧಿಗಳಿಗೂ ಸಂಬಂಧವಿಲ್ಲದಿರಬಹುದು. ಆದರೆ ರಂಗವೂ ಪ್ರೇಕ್ಷಕರೂ ಒಬ್ಬರಿಗೊಬ್ಬರು ಶ್ರುತಿಗೂಡುವುದು ಇವುಗಳಿಂದಲೇ.

ಇಂಥ ಪೂರ್ವರಂಗವೊಂದು ನಮ್ಮ ಕಾಲದ ಯಂತ್ರಕ್ಕೂ ಇದ್ದಿತೆಂಬುದನ್ನು ಈಗಿನ ಮಕ್ಕಳು ಅರಿಯರು. ದೂರದರ್ಶನದ ಪೆಟ್ಟಿಗೆಯು ಹಗಲಿರುಳೂ ಮಾತನಾಡದೆ, ನಿಯಮಿತವಾದ ಹೊತ್ತಿನಲ್ಲಿ ಮಾತ್ರ ಕಣ್ಣು ತೆರೆಯುತ್ತಿದ್ದ ದಿನಗಳಲ್ಲಿ, ಕಾರ್ಯಕ್ರಮಕ್ಕೆ ಮೊದಲು ತೆರೆಯ ಮೇಲೆ ಬಣ್ಣದ ಪಟ್ಟಿಗಳು ನಿಶ್ಚಲವಾಗಿ ನಿಂತಿರುತ್ತಿದ್ದುವು. ಅವುಗಳ ಜೊತೆಗೆ ಏರಿಳಿತವಿಲ್ಲದ ಒಂದೇ ನಾದ. ಇದನ್ನು ಇಂಗ್ಲೀಷರು ಟೆಸ್ಟ್ ಕಾರ್ಡ್ ಎನ್ನುವರು, ನಾವು ಪರೀಕ್ಷಾಫಲಕವೆನ್ನೋಣ. ಅದು ಮಾಯವಾದ ಮೇಲೆ ಲಾಂಛನ, ಲಾಂಛನದ ಬೆನ್ನಿಗೆ ಸಂಗೀತ, ಆಮೇಲೆ ವಾರ್ತೆಯೋ ನಾಟಕವೋ. ಫಲಕವೇ ಪರಿಘಟ್ಟನೆ, ಲಾಂಛನವೇ ನಾಂದಿ.

ಆ ಪಟ್ಟಿಗಳನ್ನು ಅಲಂಕಾರಕ್ಕಾಗಿ ಇಟ್ಟಿದ್ದಾರೆಂದು ಬಹುಮಂದಿ ಭಾವಿಸಿದ್ದರು. ವಾಸ್ತವದಲ್ಲಿ ಅವುಗಳ ಅನುಕ್ರಮದಲ್ಲಿ ಒಂದು ಸೊಗಸಾದ ಯುಕ್ತಿಯಿದೆ. ಎಡದಿಂದ ಬಿಳಿ, ಹಳದಿ, ಹಸಿರು ಬೆರೆತ ತಿಳಿನೀಲಿ, ಹಸಿರು, ನೇರಳೆಗೆಂಪು, ಕೆಂಪು, ನೀಲಿ, ಕಡೆಯಲ್ಲಿ ಕಪ್ಪು. ಈ ಎಂಟೂ ಕೆಂಪು, ಹಸಿರು, ನೀಲಿಗಳೆಂಬ ಮೂರು ಮೂಲವರ್ಣಗಳಿಂದಲೇ ಹುಟ್ಟಿದವು. ಮಾನವನ ಕಣ್ಣಿಗೆ ಆ ಮೂರೂ ಸಮನಾಗಿ ಬೆಳಗುವುದಿಲ್ಲ. ಬಿಳಿಯ ಪ್ರಕಾಶವನ್ನು 100 ಪಾಲೆಂದು ಎಣಿಸಿದರೆ ಹಸಿರಿನದು ಸುಮಾರು 59, ಕೆಂಪಿನದು 30, ನೀಲಿಯದು ಕೇವಲ 11. ಆದಕಾರಣ ಹಸಿರೂ ಕೆಂಪೂ ಸೇರಿದ ಹಳದಿಗೆ 89; ಹಸಿರೂ ನೀಲಿಯೂ ಸೇರಿದ್ದಕ್ಕೆ 70; ಕೆಂಪೂ ನೀಲಿಯೂ ಸೇರಿದ್ದಕ್ಕೆ 41. ಪಟ್ಟಿಗಳನ್ನು ಜೋಡಿಸಿರುವುದು ಈ ಲೆಕ್ಕದ ಇಳಿಕೆಯ ಕ್ರಮದಲ್ಲಿ. ಇದರ ಫಲವೇನೆಂದರೆ, ಬಣ್ಣದ ಪೆಟ್ಟಿಗೆಯಲ್ಲಿ ಬಣ್ಣಗಳಾಗಿ ಕಾಣುವ ಫಲಕವೇ ಕಪ್ಪುಬಿಳುಪಿನ ಪೆಟ್ಟಿಗೆಯಲ್ಲಿ ಬಿಳುಪಿನಿಂದ ಕಪ್ಪಿಗೆ ಇಳಿಯುವ ಮೆಟ್ಟಿಲುಗಳಾಗಿ ಕಾಣುವುದು. ಮೆಟ್ಟಿಲುಗಳು ಒಂದರೊಳಗೊಂದು ಕಲಸಿಹೋಗಿದ್ದರೆ ಹೊಳಪಿನ ತಿರುಪನ್ನು ಸರಿಪಡಿಸಬೇಕು. ಸಿರಿವಂತನ ಮನೆಯ ಯಂತ್ರಕ್ಕೂ ಬಡವನ ಮನೆಯ ಯಂತ್ರಕ್ಕೂ ಒಂದೇ ಫಲಕದಿಂದ ಪರೀಕ್ಷೆಯಾಗುತ್ತಿದ್ದಿತು. ಎಷ್ಟೋ ಪಠ್ಯಪುಸ್ತಕಗಳಿಗೆ ಈ ಗುಣವಿಲ್ಲವೆಂಬುದು ಉಪಾಧ್ಯಾಯನಾದ ನನ್ನ ಅನುಭವ.

ಮಂಡಿ ಮೊಹಲ್ಲಾದ ನಮ್ಮ ಬೀದಿಗೆ ಈ ಪೆಟ್ಟಿಗೆ ಬಂದದ್ದು ಎಂಬತ್ತರ ದಶಕದಲ್ಲಿ. ನಮ್ಮ ಮನೆಯದು ಕಪ್ಪುಬಿಳುಪಿನದು. ಎದುರು ಮನೆಯ ಧಾನ್ಯದ ವ್ಯಾಪಾರಿಗಳಾದ ಸಾಹೇಬರದು ಬಣ್ಣದ್ದು. ಸಂಜೆ ಫಲಕವು ಮೂಡುವ ಹೊತ್ತಿಗೆ ಬೀದಿಯ ಮಾಳಿಗೆಗಳ ಮೇಲೆಲ್ಲ ಒಬ್ಬೊಬ್ಬ ಹುಡುಗನು ಆಂಟೆನಾದ ಕಂಬವನ್ನು ಹಿಡಿದು ನಿಂತಿರುವನು. ‘ಬಂತೇ?’ ಎಂದು ಮೇಲಿನಿಂದ ಒಂದು ಕೂಗು. ‘ಇನ್ನಷ್ಟು ತಿರುಗಿಸು, ಚರ್ಚಿನ ಗೋಪುರದ ಕಡೆಗೆ’ ಎಂದು ಕೆಳಗಿನಿಂದ ಮತ್ತೊಂದು. ಸಾಹೇಬರ ಮನೆಯ ಕೂಗು ಉರ್ದುವಿನಲ್ಲಿ, ನಮ್ಮದು ಕನ್ನಡದಲ್ಲಿ. ಪಟ್ಟಿಗಳ ಅಂಚು ನೆಟ್ಟಗಾಗಿ ನೆರಳುಚಿತ್ರವು ಅಳಿಯುವವರೆಗೆ ಈ ಸಂವಾದವು ನಡೆಯುವುದು. ಚಿತ್ರವು ಚೆನ್ನಾಗಿ ಬರಬೇಕಾದರೆ ನೋಡುವವನೂ ಕೈ ನೀಡಬೇಕಾಗಿದ್ದ ಕಾಲ ಅದು. ದೂರದರ್ಶನವೆಂಬ ಪದದಲ್ಲಿ ದೀರ್ಘವಾದ ಊಕಾರವನ್ನು ಹ್ರಸ್ವಮಾಡಿ ಒಂದು ರೇಫವನ್ನು ಒತ್ತಿದರೆ ದುರ್ದರ್ಶನವಾಗುವುದು. ಕಾಣುವುದಕ್ಕೆ ಕಷ್ಟವಾದದ್ದು ಎಂದು ಅದರ ಅರ್ಥ. ತೆರೆಯ ತುಂಬ ಸಾಸಿವೆ ಸುರಿದಂತೆ ಚುಕ್ಕೆಗಳು ಕುಣಿಯುತ್ತಿದ್ದ ಸಂಜೆಗಳಲ್ಲಿ ಎರಡನೆಯದೇ ಯುಕ್ತವಾದ ಹೆಸರೆಂದು ನನಗೆ ತೋರುತ್ತಿದ್ದಿತು.

ಕಾರ್ಯಕ್ರಮವು ನಡುವೆ ಕಡಿದುಹೋದಾಗ ತೆರೆಯ ಮೇಲೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಹಿಂದೀ ವಾಕ್ಯವು ಬರುತ್ತಿದ್ದಿತು. ನನ್ನ ತಾಯಿಯವರಿಗೆ ಅದರಲ್ಲಿ ‘ಖೇದ’ವೊಂದೇ ತಿಳಿಯಿತು, ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಅವರು ದೀಪದ ಮುಂದೆ ಕೈಮುಗಿದರು. ಎದುರು ಮನೆಯವರಿಗೆ ‘ರುಕಾವಟ್’ ತಿಳಿಯಿತು, ‘ಖೇದ್’ ತಿಳಿಯಲಿಲ್ಲ. ಅವರ ಹಿರಿಯ ಮಗನು ನಮ್ಮ ಜಗಲಿಗೆ ಬಂದು ಕೇಳಿದನು. ಅವನು ರುಕಾವಟ್ ಎಂದರೆ ತಡೆ ಎಂದನು, ನಾನು ಖೇದವೆಂದರೆ ದುಃಖವೆಂದೆನು. ಎರಡು ಮನೆಗಳು ಕೂಡಿದಮೇಲೆ ಒಂದು ವಾಕ್ಯಕ್ಕೆ ಅರ್ಥವಾಯಿತು.

ಆ ವಾಕ್ಯವು ಕನ್ನಡದಲ್ಲೇಕೆ ಇರಲಿಲ್ಲವೆಂಬ ಪ್ರಶ್ನೆಗೆ ಉತ್ತರವು ಹೀಗೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಆರಂಭವಾಯಿತು. ಅದಕ್ಕೂ ಮೊದಲು, 1975ರ ಆಗಸ್ಟಿನಿಂದ ಒಂದು ವರ್ಷಕಾಲ, ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ನಡೆದ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು ಈ ಪೆಟ್ಟಿಗೆಯನ್ನು ಕಂಡಿದ್ದರು. ಅರಮನೆಯ ನಗರವು ಹಿಂದೆ ಬಿದ್ದಿದ್ದಿತು. ಆದರೆ 1984ರಲ್ಲಿ ದಿನಕ್ಕೊಂದೆಂಬಂತೆ ದೇಶದಲ್ಲೆಲ್ಲ ನೆಟ್ಟ ಅಲ್ಪಶಕ್ತಿಯ ಪ್ರೇಷಕಗಳು ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮವನ್ನು ಪಡೆದು ಹಾಗೆಯೇ ಹರಡುತ್ತಿದ್ದುವು. ಸಣ್ಣ ಊರುಗಳವರು ತಮ್ಮ ರಾಜಧಾನಿಯ ಮಾತಿಗಿಂತ ಮೊದಲು ದೇಶದ ರಾಜಧಾನಿಯ ಮಾತನ್ನು ಕೇಳಿದರು.

ಮೈಸೂರಿಗೆ ಇದು ವಿಶೇಷವಾಗಿ ನೋವಿನ ಸಂಗತಿಯಾಗಬೇಕು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ನಿಲಯವನ್ನು ಸ್ಥಾಪಿಸಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಅಖಿಲ ಭಾರತದ ಬಾನುಲಿಯೇ ಆ ಹೆಸರನ್ನು ತಳೆಯಿತು. ನಿಲಯವು 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯವು ದೊರೆತದ್ದು 1974ರಲ್ಲಿ. ಒಂದು ಒಳ್ಳೆಯ ಹೆಸರು ಚಿತ್ರವಿಲ್ಲದೆಯೂ ಲಾಂಛನವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ದೂರದರ್ಶನದ ಲಾಂಛನ. 1976ರ ಏಪ್ರಿಲ್ 1ರಂದು ದೂರದರ್ಶನವು ಆಕಾಶವಾಣಿಯಿಂದ ಬೇರ್ಪಟ್ಟಿತು. ಹೊಸ ಸಂಸಾರಕ್ಕೆ ಹೊಸ ಮುದ್ರೆ ಬೇಕಲ್ಲವೆ? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ದೇವಾಶಿಸ್ ಭಟ್ಟಾಚಾರ್ಯರು ಬರೆದ ಚಿತ್ರವು ಆಯ್ಕೆಯಾಯಿತು. ಆರಿಸಿದವರು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರೆಂದು ಪ್ರತೀತಿ. ನಡುವೆ ಒಂದು ಗೋಲ, ಅದನ್ನು ಇಬ್ಬದಿಯಿಂದ ಬಳಸಿರುವ ಎರಡು ಬಾಗುಗೆರೆಗಳು, ನೋಡಿದರೆ ಕಣ್ಣು. ಆ ಗೆರೆಗಳು ಸುತ್ತಿ ಸುತ್ತಿ ಬಂದು ಕಣ್ಣಾಗಿ ನಿಲ್ಲುವುದಕ್ಕೆ ಸರಿಯಾಗಿ ಪಂಡಿತ ರವಿಶಂಕರರು ಉಸ್ತಾದ್ ಅಲಿ ಅಹಮದ್ ಹುಸೇನ್ ಖಾನರೊಡನೆ ರಚಿಸಿದ ಶಹನಾಯಿಯ ನಾದವು ಕೇಳಿಬರುತ್ತಿದ್ದಿತು. ಆ ನಾದ ಕಿವಿಗೆ ಬಿದ್ದೊಡನೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಕೂರುವ ಹೆಂಗಸರನ್ನು ನಾನು ಕಂಡಿದ್ದೇನೆ. ಗಂಟೆಯ ಅಗತ್ಯವೇ ಇರಲಿಲ್ಲ.

ಬ್ರಿಟನ್ನಿನಲ್ಲಿ ವ್ಯವಸ್ಥೆಯು ಬೇರೆ ಬಗೆ. ಅಲ್ಲಿ 1955ರಲ್ಲಿ ಆರಂಭವಾದ ಸ್ವತಂತ್ರ ಟೆಲಿವಿಷನ್ನು ಒಂದೊಂದು ಸೀಮೆಗೆ ಒಂದೊಂದು ಕಂಪನಿಯಂತೆ ಹಂಚಿಹೋಗಿ, ಪ್ರತಿಯೊಂದಕ್ಕೂ ತನ್ನದೇ ಮುದ್ರೆಯಿದ್ದಿತು. ಪೂರ್ವಸೀಮೆಯ ಆಂಗ್ಲಿಯಾ ಕಂಪನಿಗೆ ತಿರುಗುತ್ತಿದ್ದ ಬೆಳ್ಳಿಯ ಕುದುರೆಸವಾರ. ಲಂಡನ್ನಿನ ಥೇಮ್ಸ್ ಕಂಪನಿಗೆ ನದಿಯಲ್ಲಿ ಪ್ರತಿಬಿಂಬಿಸಿದ ನಗರದ ಗೋಪುರಗಳು. ಮನೆಯಲ್ಲಿ ಕುಳಿತವನು ತಾನು ಯಾವ ಸೀಮೆಯವನೆಂಬುದನ್ನು ದಿನವೂ ತೆರೆಯ ಮೇಲೆ ಓದಬಹುದಾಗಿದ್ದಿತು. ಅಲ್ಲಿಯ ಬಿಬಿಸಿಯ ಪರೀಕ್ಷಾಫಲಕವಂತೂ ಜಗತ್ಪ್ರಸಿದ್ಧ. 1967ರ ಜುಲೈಯಲ್ಲಿ ಮೊದಲು ಕಾಣಿಸಿದ ಅದರ ನಡುವೆ ಎಂಟು ವರ್ಷದ ಹುಡುಗಿಯೊಬ್ಬಳು ಒಂದು ಬಟ್ಟೆಯ ವಿದೂಷಕಗೊಂಬೆಯೊಡನೆ ಕರಿಹಲಗೆಯ ಮೇಲೆ ಸೊನ್ನೆ-ಗುಣಾಕಾರದ ಆಟವಾಡುವಳು. ಹುಡುಗಿಯು ಕ್ಯಾರಲ್ ಹರ್ಸೀ. ಫಲಕವನ್ನು ರಚಿಸಿದ ಎಂಜಿನಿಯರ್ ಜಾರ್ಜ್ ಹರ್ಸೀಯವರ ಮಗಳು. ಮುಖದ ಬಣ್ಣವು ಸಹಜವಾಗಿದೆಯೇ ಎಂದು ನೋಡುವುದಕ್ಕೆ ಅವಳ ಕೆನ್ನೆ. ತೆರೆಯ ನಟ್ಟನಡುವನ್ನು ಗುರುತಿಸುವುದಕ್ಕೆ ಹಲಗೆಯ ಮೇಲಿನ ಗುಣಾಕಾರದ ಚಿಹ್ನೆ. ನಮ್ಮ ಪಟ್ಟಿಗಳ ಕೆಲಸವನ್ನೇ ಅವರು ಮಗುವಿನ ಆಟದಲ್ಲಿ ಅಡಗಿಸಿದರು.

ನಮಗೆ ದೇಶಕ್ಕೆಲ್ಲ ಒಂದೇ ಕಣ್ಣು. ಅದರಲ್ಲಿ ಒಂದು ಗಾಂಭೀರ್ಯವಿತ್ತೆಂಬುದನ್ನು ನಾನು ಒಪ್ಪುವೆನು. ಕಾಶ್ಮೀರದವನೂ ಕನ್ನಡಿಗನೂ ಒಂದೇ ಶಹನಾಯಿಗೆ ಕಿವಿಗೊಟ್ಟದ್ದು ಸಣ್ಣ ಮಾತಲ್ಲ. ಆದರೂ ಸೀಮೆಯ ಮುದ್ರೆ ಬೇಕಾಗಿದ್ದಿತು. ಬೆಂಗಳೂರು ಕೇಂದ್ರದ ಕನ್ನಡ ವಾಹಿನಿಯು ಉಪಗ್ರಹವನ್ನೇರಿ ‘ಚಂದನ’ವೆಂಬ ಹೆಸರನ್ನು ಪಡೆದಾಗ, ಗಂಧದೆಣ್ಣೆಯ ಕಾರ್ಖಾನೆಯಿರುವ ಈ ಊರಿನವರಿಗೆ ತಡವಾಗಿಯಾದರೂ ತಮ್ಮ ಹೆಸರಿಟ್ಟು ಕರೆದಂತಾಯಿತು.

ಬ್ರಿಟನ್ನಿನಲ್ಲಿಯೂ ಸೀಮೆಯ ಮುದ್ರೆಗಳು ಒಂದೊಂದಾಗಿ ಅಳಿದು, 2002ರಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳ ಕಂಪನಿಗಳೆಲ್ಲ ಒಂದೇ ಹೆಸರಿನಡಿಯಲ್ಲಿ ಸೇರಿದುವು. ಆದರೆ ಅಲ್ಲಿಯ ಆಸಕ್ತರು ಅವುಗಳನ್ನು ಮನೆಯ ಟೇಪುಗಳಿಂದ ಹುಡುಕಿ ತೆಗೆದು ಕಾಪಾಡಿದ್ದಾರೆ. ಕಾರ್ಯಕ್ರಮವನ್ನು ಕೂಡಿಡುವವರು ಇರುವರು. ಕಾರ್ಯಕ್ರಮಗಳ ನಡುವಿನ ಅರೆನಿಮಿಷವನ್ನು ಯಾರು ಕೂಡಿಡುವರು? ಹಿಂದೆ ಬೆಲೆಬಾಳುವ ಟೇಪನ್ನು ಮತ್ತೆ ಬಳಸುವುದಕ್ಕಾಗಿ ಬಿಬಿಸಿಯು ಇಡೀ ನಾಟಕಗಳನ್ನೇ ಅಳಿಸಿದ್ದುಂಟು. ಹಾಗಿರಲು ಫಲಕಗಳ ಪಾಡೇನು!

ಕಳೆದ ವರ್ಷ ಆಯುಧಪೂಜೆಗೆ ಮುಂಚೆ ನಮ್ಮ ಮೊಹಲ್ಲಾದ ಗುಜರಿ ಅಂಗಡಿಯೊಂದರ ಮುಂದೆ ವಿಡಿಯೋ ಕ್ಯಾಸೆಟ್ಟುಗಳ ರಾಶಿಯನ್ನು ಕಂಡೆನು. ಒಂದರ ಬೆನ್ನಿಗೆ ಯಾರೋ ಗೃಹಿಣಿ ದುಂಡಾದ ಅಕ್ಷರಗಳಲ್ಲಿ ‘ಬೆಂಗಳೂರು ಟೀವಿ, ಯುಗಾದಿ ಕಾರ್ಯಕ್ರಮ, ಅಳಿಸಬೇಡಿ’ ಎಂದು ಬರೆದು ಅಂಟಿಸಿದ್ದಳು. ಅಂಗಡಿಯವನು ಅದನ್ನು ಪ್ಲಾಸ್ಟಿಕ್ಕಿನ ತೂಕಕ್ಕೆ ಕೊಂಡಿದ್ದನು. ನಾನು ಅದನ್ನು ಇಪ್ಪತ್ತು ರೂಪಾಯಿಗೆ ತಂದೆನು. ಟೇಪಿಗೆ ಬೂಷ್ಟು ಹಿಡಿದಿದ್ದಿತು. ಸರಸ್ವತೀಪುರದಲ್ಲಿ ಪರಿಚಿತರೊಬ್ಬರಲ್ಲಿ ಯಂತ್ರವಿದೆ. ಅವರು ಅದನ್ನು ಶುಚಿಮಾಡಿ ಓಡಿಸಿದಾಗ ಯುಗಾದಿಯ ಕಾರ್ಯಕ್ರಮವು ಬರಲೇ ಇಲ್ಲ, ಬರಿಯ ಗೆರೆಗಳು. ಆದರೆ ಅದಕ್ಕೆ ಮೊದಲು ಹನ್ನೊಂದು ಸೆಕೆಂಡುಗಳ ಕಾಲ ಆ ಕಣ್ಣು ಸುತ್ತುತ್ತ ಬಂದು ನಿಂತಿತು.

ಮನೆಯಲ್ಲಿ ಇಂಥ ಕ್ಯಾಸೆಟ್ಟುಗಳಿರುವ ವಾಚಕರು ಅವುಗಳನ್ನು ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ತೇವ ತಾಗದ ಕಡೆ, ಧ್ವನಿಪೆಟ್ಟಿಗೆಗಳ ಅಯಸ್ಕಾಂತದಿಂದ ದೂರದಲ್ಲಿಡಬೇಕು. ಬಹುಕಾಲ ತಡಮಾಡಬಾರದು, ಅವುಗಳನ್ನು ಓಡಿಸುವ ಯಂತ್ರವನ್ನು ತಯಾರಿಸುತ್ತಿದ್ದ ಕಡೆಯ ಜಪಾನೀ ಕಂಪನಿಯಾದ ಫೂನಾಯ್ 2016ರಲ್ಲಿಯೇ ಆ ಕೆಲಸವನ್ನು ನಿಲ್ಲಿಸಿದೆ. ಗಣಕಯಂತ್ರಕ್ಕೆ ಇಳಿಸಿಕೊಡುವ ಅಂಗಡಿಯವರು ಮೊದಲಿನ ಭಾಗವನ್ನು ಅನಾವಶ್ಯಕವೆಂದು ಕತ್ತರಿಸಿಬಿಡುವ ರೂಢಿಯುಂಟು. ಕೊಡುವಾಗಲೇ, ಪಟ್ಟಿಗಳಿಂದ ಹಿಡಿದು ಎಲ್ಲವೂ ಇರಲಿ ಎಂದು ಚೀಟಿಯಲ್ಲಿ ಬರೆದುಕೊಡಿ.