ಎಂಜಿನ್ ತಂತ್ರಾಂಶ ಮರುಹೊಂದಿಕೆಯ ನಂತರದ ದೋಷಗಳು

ಎಂಜಿನ್ ತಂತ್ರಾಂಶ ಮರುಹೊಂದಿಕೆ ಎಂದರೆ ಕಾರಿನ ಎಂಜಿನ್ ನಿಯಂತ್ರಣ ಘಟಕದಲ್ಲಿ (ಇ.ಸಿ.ಯು.) ತಯಾರಕರು ಅಳವಡಿಸಿರುವ ಮೌಲ್ಯಪಟ್ಟಿಗಳನ್ನು ಬದಲಿಸಿ ಎಂಜಿನ್ನಿನ ಶಕ್ತಿ ಹಾಗೂ ಟಾರ್ಕನ್ನು ಹೆಚ್ಚಿಸುವ ಕ್ರಿಯೆ. ಆಡುಮಾತಿನಲ್ಲಿ ಇದನ್ನು ರೀಮ್ಯಾಪ್, ಟ್ಯೂನ್ ಅಥವಾ ಚಿಪ್ ಟ್ಯೂನಿಂಗ್ ಎಂದು ಕರೆಯುತ್ತಾರೆ. ಇಂಧನದ ಪ್ರಮಾಣ, ಕಿಡಿ ಹೊತ್ತಿಸುವ ಕ್ಷಣ, ಟರ್ಬೊಚಾರ್ಜರಿನ ಒತ್ತಡ ಮತ್ತು ಟಾರ್ಕಿನ ಮಿತಿ ಇದರಿಂದ ಮುಖ್ಯವಾಗಿ ಬದಲಾಗುತ್ತವೆ. ಮರುಹೊಂದಿಕೆಯ ನಂತರ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹಲವು ತಂತ್ರಾಂಶದ ತಪ್ಪಿನಿಂದ ಉಂಟಾದವಲ್ಲ. ಮೂಲ ಒತ್ತಡದಲ್ಲಿ ಹೇಗೋ ಕೆಲಸ ಮಾಡುತ್ತಿದ್ದ ಸವೆದ ಭಾಗವು ಹೆಚ್ಚಿನ ಹೊರೆಯಲ್ಲಿ ಸೋಲುವುದರಿಂದ ಅವು ಹುಟ್ಟುತ್ತವೆ. ಆದುದರಿಂದ ದೋಷ ಯಂತ್ರಭಾಗದ್ದೋ ತಂತ್ರಾಂಶದ್ದೋ ಎಂದು ಬೇರ್ಪಡಿಸುವುದೇ ದೋಷಪತ್ತೆಯ ಮೊದಲ ಕೆಲಸ.

ಹಿನ್ನೆಲೆ

ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಗಣಕದಿಂದ ನಿಯಂತ್ರಿಸುವ ಬಾಷ್ ಸಂಸ್ಥೆಯ ಮೋಟ್ರಾನಿಕ್ ವ್ಯವಸ್ಥೆಯು 1979ರಲ್ಲಿ ಬಿ.ಎಂ.ಡಬ್ಲ್ಯು. 732ಐ ಕಾರಿನಲ್ಲಿ ಬಂದಿತು. ಆರಂಭದ ಘಟಕಗಳಲ್ಲಿ ಮೌಲ್ಯಗಳು ಪ್ರತ್ಯೇಕ ಸ್ಮೃತಿ ಚಿಪ್ಪಿನಲ್ಲಿರುತ್ತಿದ್ದವು. ಅದನ್ನು ಕಿತ್ತು ಬೇರೊಂದನ್ನು ಕೂರಿಸುತ್ತಿದ್ದುದರಿಂದ ಚಿಪ್ ಟ್ಯೂನಿಂಗ್ ಎಂಬ ಹೆಸರು ಉಳಿದುಕೊಂಡಿತು. ನಂತರದ ಘಟಕಗಳಲ್ಲಿ ಚಿಪ್ಪನ್ನು ತೆಗೆಯದೆ, ಡ್ಯಾಶ್‌ಬೋರ್ಡಿನ ಕೆಳಗಿರುವ ಓ.ಬಿ.ಡಿ. ಸಂಪರ್ಕದ ಮೂಲಕವೇ ಹೊಸ ಕಡತವನ್ನು ಬರೆಯುವುದು ಸಾಧ್ಯವಾಯಿತು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಓ.ಬಿ.ಡಿ.-2 ಮಾನದಂಡವು ದೋಷಸಂಕೇತಗಳನ್ನೂ ಏಕರೂಪಗೊಳಿಸಿತು. ಇಂದಿನ ದೋಷಪತ್ತೆ ಬಹುತೇಕ ಈ ಸಂಕೇತಗಳ ಮೇಲೆಯೇ ನಿಂತಿದೆ.

ಕಡತ ಬರೆಯುವಾಗಿನ ವೈಫಲ್ಯ

ಹೊಸ ಕಡತವನ್ನು ಬರೆಯುವ ನಡುವೆ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಅಥವಾ ತಂತಿ ಕಳಚಿದರೆ ಘಟಕದಲ್ಲಿ ಅಪೂರ್ಣ ತಂತ್ರಾಂಶ ಉಳಿಯುತ್ತದೆ. ಆಗ ಸ್ಟಾರ್ಟರ್ ತಿರುಗಿದರೂ ಎಂಜಿನ್ ಚಾಲೂ ಆಗದಿರಬಹುದು, ಸ್ಕ್ಯಾನರಿಗೆ ಘಟಕ ಉತ್ತರಿಸದಿರಬಹುದು. ಕಾರಿನ ದೀಪ, ಫ್ಯಾನು, ರೇಡಿಯೊಗಳನ್ನು ಆರಿಸಿ, ಸ್ಥಿರ ವಿದ್ಯುತ್ ಪೂರೈಸುವ ಉಪಕರಣವನ್ನು ಬ್ಯಾಟರಿಗೆ ಜೋಡಿಸಿಯೇ ಈ ಕೆಲಸಕ್ಕೆ ಕೈಹಾಕುವುದು ಇದೇ ಕಾರಣಕ್ಕೆ. ಸಾಮಾನ್ಯ ಬ್ಯಾಟರಿ ಚಾರ್ಜರ್ ಎಲ್ಲ ಸಂದರ್ಭಗಳಲ್ಲೂ ಇದಕ್ಕೆ ಸಾಲದು. ಅಪೂರ್ಣವಾಗಿ ಬರೆಯಲ್ಪಟ್ಟ ಘಟಕವನ್ನು ಅನೇಕ ವೇಳೆ ಮೇಜಿನ ಮೇಲಿಟ್ಟು ಬೂಟ್ ಸ್ಥಿತಿಯಲ್ಲಿ ಮತ್ತೆ ಬರೆದು ಉಳಿಸಬಹುದು. ಆದರೆ ಅದಕ್ಕೆ ಮೂಲ ಕಡತದ ಪ್ರತಿ ಬೇಕು. ಪ್ರತಿ ತೆಗೆದಿಡದೆ ಹೊಸದನ್ನು ಬರೆಯುವುದು ಈ ಕಸುಬಿನಲ್ಲಿ ಅಕ್ಷಮ್ಯವೆನಿಸಿದೆ.

ಒಂದೇ ಮಾದರಿಯ ಎರಡು ಕಾರುಗಳಲ್ಲಿಯೂ ತಂತ್ರಾಂಶದ ಆವೃತ್ತಿ ಬೇರೆಯಾಗಿರಬಹುದು. ಬೇರೆ ಆವೃತ್ತಿಗೆಂದು ಸಿದ್ಧಪಡಿಸಿದ ಕಡತವನ್ನು ಬರೆದಾಗ, ಇಲ್ಲವೇ ಕಡತದ ತಾಳೆಮೊತ್ತವನ್ನು ಸರಿಪಡಿಸದೆ ಬಿಟ್ಟಾಗ, ಘಟಕವು ತನ್ನ ಸ್ಮೃತಿಯೇ ಕೆಟ್ಟಿದೆ ಎಂದು ಪಿ0605 ಎಂಬ ಸಂಕೇತವನ್ನು ದಾಖಲಿಸಬಹುದು. ಎಂಜಿನ್ ಭಾಗಗಳನ್ನು ಎಷ್ಟು ಬದಲಿಸಿದರೂ ಇದು ಹೋಗುವುದಿಲ್ಲ.

ದೋಷಸಂಕೇತ ಮತ್ತು ದಾಖಲೆ

ಎಚ್ಚರಿಕೆಯ ದೀಪ ಹೊತ್ತಿದೊಡನೆ ಸಂಕೇತವನ್ನು ಅಳಿಸಿಬಿಡುವುದು ಸಾಮಾನ್ಯ ತಪ್ಪು. ಸಂಕೇತದೊಂದಿಗೆ, ದೋಷ ಘಟಿಸಿದ ಕ್ಷಣದ ಎಂಜಿನ್ ವೇಗ, ಹೊರೆ, ತಾಪಮಾನಗಳೂ ಘಟಕದಲ್ಲಿ ದಾಖಲಾಗಿರುತ್ತವೆ. ಅಳಿಸಿದರೆ ಅವೂ ಹೋಗುತ್ತವೆ. ಘಟಕವು ಮೊದಲಿನ ದಿನಗಳಲ್ಲಿ ಕಲಿತ ತಿದ್ದುಪಡಿಗಳು ಕಡತ ಬರೆಯುವಾಗಲೂ ಅಳಿಸಿಹೋಗಬಹುದಾದ್ದರಿಂದ, ಆರಂಭದ ಕೆಲವು ಓಟಗಳಲ್ಲಿ ಐಡಲಿಂಗ್ ಏರಿಳಿಯುವುದು, ಗೇರು ಒರಟಾಗಿ ಬೀಳುವುದು ಅಸಹಜವಲ್ಲ. ಥ್ರಾಟಲ್ ಹೊಂದಾಣಿಕೆಯನ್ನು ಮತ್ತೆ ನಡೆಸಿದ ಮೇಲೂ ಅದು ಮುಂದುವರಿದರೆ ಮಾತ್ರ ಹುಡುಕಾಟ ಆರಂಭಿಸಬೇಕು.

ಹೆಚ್ಚು ತಿಳಿಸಿಕೊಡುವುದು ಇಂಧನ ತಿದ್ದುಪಡಿಯ ಅಂಕಿ. ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಇಂಧನ ಬೇಕು. ಆಮ್ಲಜನಕ ಸಂವೇದಕ ನೀಡುವ ವರದಿಯನ್ನು ನೋಡಿ ಘಟಕವು ಇಂಧನವನ್ನು ಶೇಕಡಾವಾರು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಈ ತಿದ್ದುಪಡಿ ಶೂನ್ಯದಿಂದ ಶೇ. 10ರ ಆಚೆಗೆ ನಿಂತುಬಿಟ್ಟರೆ ಏನೋ ಕೆಟ್ಟಿದೆ ಎಂದು ತಿಳಿಯಲಾಗುತ್ತದೆ. ಐಡಲಿಂಗಿನಲ್ಲಿ ಹೆಚ್ಚಿದ್ದು ವೇಗ ಏರಿದಂತೆ ಇಳಿಯುವ ಧನಾತ್ಮಕ ತಿದ್ದುಪಡಿಯು ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರಿಕೆಯನ್ನು ಸೂಚಿಸುತ್ತದೆ. ಹೊರೆ ಏರಿದಂತೆ ತಿದ್ದುಪಡಿಯೂ ಏರುತ್ತ ಹೋದರೆ ಇಂಧನ ಪಂಪು, ಫಿಲ್ಟರು ಅಥವಾ ಇಂಜೆಕ್ಟರು ಬೇಡಿಕೆಯಷ್ಟು ಇಂಧನ ಕೊಡುತ್ತಿಲ್ಲವೆಂದು ಅರ್ಥ. ಎರಡೂ ಸಂದರ್ಭಗಳಲ್ಲಿ ಬರುವ ಸಂಕೇತ ಒಂದೇ, ಪಿ0171. ಸಂಕೇತವನ್ನಷ್ಟೇ ನೋಡಿ ಭಾಗ ಬದಲಿಸುವವರ ಹಣ ಇಲ್ಲಿಯೇ ಪೋಲಾಗುತ್ತದೆ.

ಮಿಸ್‌ಫೈರ್

ಹೊರೆ ಹೆಚ್ಚಿದಾಗ ಮಾತ್ರ ಎಂಜಿನ್ ತಡವರಿಸುವುದು ಮರುಹೊಂದಿಕೆಯ ನಂತರ ಪದೇ ಪದೇ ಕಂಡುಬರುವ ದೂರು. ಸಿಲಿಂಡರಿನ ಒಳಗಿನ ಒತ್ತಡ ಏರಿದಂತೆ ಸ್ಪಾರ್ಕ್ ಪ್ಲಗ್ಗಿನ ತುದಿಗಳ ನಡುವೆ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಸವೆದ ಪ್ಲಗ್ಗಿನಲ್ಲಿ ಅಂತರ ದೊಡ್ಡದಾಗಿರುವುದರಿಂದ ಕಿಡಿ ನಂದುತ್ತದೆ. ಹೊಸ ಪ್ಲಗ್ ಹಾಕಿ, 0.7ರಿಂದ 0.8 ಮಿ.ಮೀ. ಇರುವ ಅಂತರವನ್ನು ಸುಮಾರು 0.6 ಮಿ.ಮೀ.ಗೆ ಇಳಿಸುವುದು ಟರ್ಬೊ ಎಂಜಿನ್ನುಗಳಲ್ಲಿ ರೂಢಿಯಲ್ಲಿರುವ ಮೊದಲ ಪರಿಹಾರ.

ಪಿ0302 ಎಂಬ ಸಂಕೇತ ಎರಡನೆಯ ಸಿಲಿಂಡರನ್ನು ತೋರಿಸುತ್ತದೆ. ಅದರ ಇಗ್ನಿಷನ್ ಕಾಯಿಲನ್ನು ಮೂರನೆಯದರೊಂದಿಗೆ ಅದಲುಬದಲು ಮಾಡಿ ಓಡಿಸಿದಾಗ ಸಂಕೇತ ಪಿ0303 ಆದರೆ ದೋಷ ಕಾಯಿಲಿನದು. ಪಿ0302 ಆಗಿಯೇ ಉಳಿದರೆ ಪ್ಲಗ್, ಇಂಜೆಕ್ಟರು, ಕೊನೆಗೆ ಕಂಪ್ರೆಷನ್ ನೋಡಬೇಕು. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ನಾಲ್ಕೂ ಕಾಯಿಲುಗಳನ್ನು ಕೊಳ್ಳುವವರೇ ಹೆಚ್ಚು. ಎಚ್ಚರಿಕೆಯ ದೀಪ ಮಿನುಗುತ್ತಿದ್ದರೆ, ಉರಿಯದ ಇಂಧನ ಕ್ಯಾಟಲಿಟಿಕ್ ಪರಿವರ್ತಕವನ್ನು ಸೇರಿ ಅಲ್ಲಿ ಉರಿದು ಅದನ್ನು ಸುಡುತ್ತಿದೆ ಎಂದು ಭಾವಿಸಿ ಕೂಡಲೇ ವೇಗವರ್ಧಕದಿಂದ ಕಾಲು ತೆಗೆಯಬೇಕು.

ಟರ್ಬೊ ಒತ್ತಡದ ಏರುಪೇರು

ಒತ್ತಡ ಬೇಡಿಕೆಗಿಂತ ಕಡಿಮೆಯಾದಾಗ ಪಿ0299, ಹೆಚ್ಚಾದಾಗ ಪಿ0234 ದಾಖಲಾಗಿ ಕಾರು ಶಕ್ತಿ ಕುಗ್ಗಿಸಿಕೊಂಡು ಲಿಂಪ್ ಮೋಡ್‌ಗೆ ಹೋಗುತ್ತದೆ. ಬೇಡಿಕೆಯ ಒತ್ತಡ ಮತ್ತು ವಾಸ್ತವ ಒತ್ತಡ ಎರಡನ್ನೂ ಒಂದೇ ಓಟದಲ್ಲಿ ದಾಖಲಿಸಿ ನೋಡಿದರೆ ಅಂತರ ಎಲ್ಲಿ ಆರಂಭವಾಗುತ್ತದೆಂದು ತಿಳಿಯುತ್ತದೆ. ಸಡಿಲಗೊಂಡ ಕೊಳವೆಯ ಕ್ಲಿಪ್, ಬಿರುಕುಬಿಟ್ಟ ಇಂಟರ್‌ಕೂಲರ್, ಹರಿದ ಡೈವರ್ಟರ್ ಕವಾಟ, ಸಿಕ್ಕಿಕೊಂಡ ವೇಸ್ಟ್‌ಗೇಟ್ ಸಾಮಾನ್ಯ ಕಾರಣಗಳು. ಹೊಗೆ ತುಂಬಿಸಿ ಮಾಡುವ ಪರೀಕ್ಷೆಯು ಕಣ್ಣಿಗೆ ಕಾಣದ ಬಿರುಕನ್ನೂ ತೋರಿಸುತ್ತದೆ.

ಗಾಳಿಯ ರಾಶಿಯನ್ನು ನೇರವಾಗಿ ಅಳೆಯುವ ಎಂಜಿನ್ನಿನಲ್ಲಿ ಟರ್ಬೊದ ಮುಂದಿನ ಸೋರಿಕೆಯಿಂದ, ಅಳೆದ ಗಾಳಿ ಸಿಲಿಂಡರನ್ನು ತಲುಪದೆ ಮಿಶ್ರಣ ಗಾಢವಾಗುತ್ತದೆ, ಕಪ್ಪು ಹೊಗೆ ಬರುತ್ತದೆ. ಒತ್ತಡವನ್ನು ಅಳೆದು ಗಾಳಿಯನ್ನು ಲೆಕ್ಕ ಹಾಕುವ ಎಂಜಿನ್ನಿನಲ್ಲಿ ಮಿಶ್ರಣ ಸರಿಯಾಗಿಯೇ ಇರುತ್ತದೆ. ಸೋರಿಕೆಯನ್ನು ತುಂಬಲು ಟರ್ಬೊ ಮಾತ್ರ ಅತಿವೇಗದಲ್ಲಿ ತಿರುಗಿ ಸವೆಯುತ್ತದೆ. ಎರಡನೆಯದು ಸದ್ದಿಲ್ಲದ ಹಾನಿಯಾದ್ದರಿಂದ ಹೆಚ್ಚು ಅಪಾಯಕಾರಿ. ಎತ್ತರದ ಊರುಗಳಲ್ಲಿಯೂ ಇಂಥದೇ ಪರಿಣಾಮವಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಮಂಗಳೂರಿಗಿಂತ ಸರಿಸುಮಾರು ಹತ್ತನೆಯ ಒಂದು ಪಾಲು ಕಡಿಮೆ; ಅದೇ ಅಂತಿಮ ಒತ್ತಡ ತಲುಪಲು ಟರ್ಬೊ ಹೆಚ್ಚು ದುಡಿಯಬೇಕು.

ನಾಕಿಂಗ್ ಮತ್ತು ಇಂಧನದ ದರ್ಜೆ

ಕಿಡಿಯಿಂದ ಆರಂಭವಾದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುವುದೇ ನಾಕಿಂಗ್. ಪಿಸ್ಟನ್ನಿನ ಉಂಗುರಗಳ ನಡುವಣ ಅಂಚನ್ನು ಒಡೆಯಬಲ್ಲ ದೋಷವಿದು. ನಾಕ್ ಸಂವೇದಕ ಇದನ್ನು ಗುರುತಿಸಿದಾಗ ಘಟಕವು ಕಿಡಿಯನ್ನು ತಡವಾಗಿ ಹೊತ್ತಿಸುತ್ತದೆ, ಶಕ್ತಿ ಇಳಿಯುತ್ತದೆ. ಬೇಸಿಗೆಯಲ್ಲಿ ಎಲ್ಲ ಸಿಲಿಂಡರುಗಳಲ್ಲೂ ಸಮನಾಗಿ ಕಿಡಿ ಹಿಂದೆ ಸರಿಯುತ್ತಿದ್ದರೆ ಇಂಧನ ಅಥವಾ ಒಳಸೇರುವ ಗಾಳಿಯ ಬಿಸಿ ಕಾರಣವಿರಬಹುದು. ಒಂದರಲ್ಲಿ ಮಾತ್ರವಾದರೆ ಆ ಸಿಲಿಂಡರಿನ ಇಂಜೆಕ್ಟರು, ಪ್ಲಗ್ ಅಥವಾ ಮಸಿಯನ್ನು ಪರಿಶೀಲಿಸಬೇಕು.

ಆಕ್ಟೇನ್ ಅಂಕಿಯಲ್ಲಿ ಗೊಂದಲ ಬೇಗ ಆಗುತ್ತದೆ. ಅಮೆರಿಕದ ಪಂಪಿನಲ್ಲಿ 93 ಎಂದು ಬರೆದಿರುವ ಪೆಟ್ರೋಲು, ಯುರೋಪ್ ಮತ್ತು ಭಾರತದಲ್ಲಿ ಬಳಸುವ ರಾನ್ ಅಳತೆಯಲ್ಲಿ ಸುಮಾರು 98. ಭಾರತದ ಬಿ.ಎಸ್.-6 ಮಾನದಂಡವು ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ರಾನ್ ನಿಗದಿಪಡಿಸಿತ್ತು. ಅಮೆರಿಕದ 93ಕ್ಕೆಂದು ಬರೆದ ಕಡತವನ್ನು ಈ ಇಂಧನದಲ್ಲಿ ಓಡಿಸುವುದು ಎಂಜಿನ್ನನ್ನು ಕೈಯಾರೆ ಕೆಡಿಸಿದಂತೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಆಕ್ಟೇನ್ ಏರುತ್ತದೆಯಾದರೂ ಗಾಳಿಯ ಪಾಲು 14.7ರಿಂದ ಸುಮಾರು 13.5ಕ್ಕೆ ಇಳಿಯುವುದರಿಂದ ಹೆಚ್ಚು ಇಂಧನ ಬೇಕಾಗುತ್ತದೆ. ಮಿತಿಯ ಅಂಚಿನಲ್ಲಿ ಕೆಲಸ ಮಾಡುತ್ತಿರುವ ಪಂಪಿಗೆ ಇದು ಹೊರೆ.

ಕ್ಲಚ್ ಮತ್ತು ಗೇರ್‌ಬಾಕ್ಸ್

ಎಂಜಿನ್ ವೇಗ ಏರಿದರೂ ಕಾರಿನ ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೇಲಿನ ಗೇರಿನಲ್ಲಿ, ಕಡಿಮೆ ವೇಗದಿಂದ ಪೂರ್ಣ ವೇಗವರ್ಧನೆ ಕೊಟ್ಟಾಗ ಇದು ಎದ್ದುಕಾಣುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಡಿ.ಕ್ಯು.200 ಎಂಬ ಒಣ ಜೋಡಿ ಕ್ಲಚ್ ಗೇರ್‌ಬಾಕ್ಸ್ ತಾಳಿಕೊಳ್ಳುವಂತೆ ವಿನ್ಯಾಸಗೊಂಡಿರುವುದು 250 ನ್ಯೂಟನ್ ಮೀಟರ್ ಟಾರ್ಕನ್ನು. ಎಂಜಿನ್ನಿನ ಕಡತ ಮಾತ್ರ ಬದಲಾಗಿ, ಗೇರ್‌ಬಾಕ್ಸಿನ ಸಾಮರ್ಥ್ಯವನ್ನು ಯಾರೂ ಗಮನಿಸದಿದ್ದರೆ ತೊಂದರೆ ತಡವಾಗಿ, ದುಬಾರಿಯಾಗಿ ಬರುತ್ತದೆ.

ಮೂಲ ತಂತ್ರಾಂಶಕ್ಕೆ ಮರಳುವಿಕೆ

ಮೂಲ ಕಡತವನ್ನು ಮರಳಿ ಬರೆದು ಅದೇ ರಸ್ತೆಯಲ್ಲಿ, ಅದೇ ಇಂಧನದಲ್ಲಿ ಓಡಿಸಿ ನೋಡುವುದು ನಿರ್ಣಾಯಕ ಪರೀಕ್ಷೆ. ದೋಷ ಹಾಗೆಯೇ ಉಳಿದರೆ ಯಂತ್ರಭಾಗ ಕೆಟ್ಟಿದೆ. ಮಾಯವಾದರೆ ಮಾತ್ರ ಸಂಶಯಕ್ಕೆ ಎಡೆಯುಂಟು: ಕಡತ ತಪ್ಪಿರಬಹುದು, ಅಥವಾ ದುರ್ಬಲ ಭಾಗಕ್ಕೆ ಹೊರೆ ತಗ್ಗಿರಬಹುದು. ಆಗ ಮೇಲಿನ ದಾಖಲೆಗಳೇ ದಾರಿ ತೋರಿಸಬೇಕು.

ಮರಳಿ ಬರೆದ ಮಾತ್ರಕ್ಕೆ ಕುರುಹು ಅಳಿಯುವುದಿಲ್ಲ. ಹಲವು ಘಟಕಗಳು ಎಷ್ಟು ಬಾರಿ ಬರೆಯಲ್ಪಟ್ಟಿವೆ ಎಂಬ ಎಣಿಕೆಯನ್ನು ಇಟ್ಟುಕೊಳ್ಳುತ್ತವೆ. ಫೋಕ್ಸ್‌ವ್ಯಾಗನ್ ಸಮೂಹದ ಅಧಿಕೃತ ಕಾರ್ಯಾಗಾರಗಳಲ್ಲಿ ಇಂಥ ಕಾರುಗಳಿಗೆ ಟಿ.ಡಿ.1 ಎಂಬ ಗುರುತು ಬೀಳುತ್ತದೆ. ಸಂಬಂಧಪಟ್ಟ ಭಾಗಗಳ ವಾರಂಟಿ ತಿರಸ್ಕೃತವಾಗಲು ಅದು ಆಧಾರವಾಗುತ್ತದೆ.

ಕಾನೂನು

ಅಮೆರಿಕದಲ್ಲಿ ಹೊರಸೂಸುವಿಕೆ ನಿಯಂತ್ರಣವನ್ನು ನಿಷ್ಕ್ರಿಯಗೊಳಿಸುವ ತಂತ್ರಾಂಶವನ್ನು ಮಾರುವುದು ಮತ್ತು ಅಳವಡಿಸುವುದು ಶುದ್ಧ ವಾಯು ಕಾಯಿದೆಯಂತೆ ನಿಷಿದ್ಧ. ಪಿ0420 ಸಂಕೇತ ಬಾರದಂತೆ ಪರಿವರ್ತಕದ ತಪಾಸಣೆಯನ್ನೇ ತಂತ್ರಾಂಶದಲ್ಲಿ ಆರಿಸಿಡುವುದು ಇಂಥದು. ಅದು ದುರಸ್ತಿಯಲ್ಲ, ದೋಷವನ್ನು ಮುಚ್ಚಿಡುವುದು ಮಾತ್ರ. ಭಾರತದಲ್ಲಿ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.